ಸುಕ್ಕಗಳ ಬೆನ್ನ ಮೇಲಿನ ನೀರು

ನನ್ನ ಮೊಮ್ಮಗಳ ಕಥೆಗೆ ಇಡೀ ಜಿಲ್ಲೆಗೆ ಮೊದಲನೇ ನಂಬರು ಬಂದಿದೆ! ಇವತ್ತು ಬೆಳಿಗ್ಗೆ ಹತ್ತೂವರೆಗೆ ಹಾವೇರಿಯಿಂದ ನನ್ನ ಬಟನ್ ಫೋನಿಗೆ ಸುದ್ದಿ ಬಂತು. "ಅಜ್ಜೀರ, ನಿಮ್ಮ ಹುಡುಗೀದು ಫಸ್ಟ್ ಬಂದೈತ್ರಿ. ಪುಸ್ತಕದಾಗ ಅಚ್ಚು ಹಾಕ್ತೀವಿ, ಆಕಿ ತಗದ ಚಿತ್ರಾನೂ ಹಾಕ್ತೀವಿ" ಅಂದರು ಅಲ್ಲಿಯ ಮೇಡಂ. "ಇನ್ನೊಮ್ಮೆ ಹೇಳ್ರಿ" ಅಂದೆ. ಹೇಳಿದರು. ನನ್ನ ಕಿವಿಗೆ ಏನೂ ಆಗಿಲ್ಲ, ಆದರೂ ಮೂರನೇ ಸಲ ಹೇಳಿಸಿದೆ. ಆಮೇಲೆ ಸಕ್ಕರೆ ಡಬ್ಬಿ ಹಿಡಿದು ಓಣಿಗೆ ಇಳಿದೆ. ಮನೆ ಮನೆಗೆ ಹೋಗಿ ಬಾಯಿಗೆ ಹಾಕಿ ಬಂದೆ. ಕೊನೆಯ ಮನೆಗೆ ಹೋಗುವಷ್ಟರಲ್ಲಿ ಡಬ್ಬಿ ಖಾಲಿ. ಅವರದೇ ಸಕ್ಕರೆ ತರಿಸಿ ಅವರದೇ ಬಾಯಿಗೆ ಹಾಕಿದೆ.

ಇಷ್ಟು ಖುಷಿಯಲ್ಲಿ ಸಿಟ್ಟು ಎಲ್ಲಿಂದ ಬಂತು ಎಂದು ಯಾರೂ ಕೇಳಬೇಡಿ. ಅದು ಹೊಸದಾಗಿ ಬಂದದ್ದಲ್ಲ, ಎರಡು ವಾರದಿಂದ ಇಲ್ಲೇ ಎದೆಯಲ್ಲಿ ಕೂತಿದೆ. ಆರುವ ಮುಂಚೆ ಬರೆದುಬಿಡೋಣ ಎಂದು ಮೊಮ್ಮಗಳ ಹೋದ ವರ್ಷದ ನೋಟ್‌ಬುಕ್ಕಿನಲ್ಲಿ ಉಳಿದ ಹಾಳೆಗಳನ್ನು ಹಿಡಿದು ಕೂತಿದ್ದೇನೆ. ನಾನು ಓದಿದ್ದು ನಾಲ್ಕನೇ ಇಯತ್ತೆ. ತಪ್ಪು ಇದ್ದರೆ ಸೊಸೆ ತಿದ್ದುತ್ತಾಳೆ. ಸಿಟ್ಟನ್ನು ಮಾತ್ರ ತಿದ್ದಬೇಡ ಎಂದು ಹೇಳಿದ್ದೇನೆ.

ಹೈಸ್ಕೂಲು ಮಕ್ಕಳಿಗೆ ಒಂದು ಸ್ಪರ್ಧೆ ಇಟ್ಟಿದ್ದರು. ಬೇರೆ ಯಾವುದೋ ಲೋಕದಲ್ಲಿ ಬದುಕುವ ಒಂದು ಜೀವಿಯನ್ನು ನೀವೇ ಕಲ್ಪಿಸಿಕೊಳ್ಳಿ, ಅದು ಅಲ್ಲಿ ಹೇಗೆ ಬದುಕುತ್ತದೆ ಎಂದು ಕಥೆ ಬರೆಯಿರಿ, ಚಿತ್ರ ತೆಗೆಯಿರಿ ಎಂದು. ನಮ್ಮ ಹುಡುಗಿ ಎಂಟನೇ ಕ್ಲಾಸು. ಹದಿನೈದು ದಿನ ಅವಳು ಈ ಲೋಕದಲ್ಲಿ ಇರಲಿಲ್ಲ. ಕರೆದರೆ "ಹೂಂ" ಅನ್ನುತ್ತಿದ್ದಳು, ಬರುತ್ತಿರಲಿಲ್ಲ. ಕೊನೆಗೆ ಒಂದು ಸಂಜೆ ಕಟ್ಟೆಯ ಮೇಲೆ ನನ್ನನ್ನು ಕೂಡಿಸಿಕೊಂಡು ಪೂರಾ ಓದಿದಳು.

ಅವಳು ಬರೆದ ಲೋಕದಲ್ಲಿ ಬರೀ ಮರಳು. ಮಳೆ ಇಲ್ಲ, ಹೊಳೆ ಇಲ್ಲ, ಬಾವಿ ಇಲ್ಲ. ಅಲ್ಲಿ ಏಳೇಳು ಸೇರಿ ಬೇಟೆಯಾಡುವ ಒಂದು ಪ್ರಾಣಿ ಇದೆ. ಅದಕ್ಕೆ ಸುಕ್ಕ ಎಂದು ಹೆಸರಿಟ್ಟಿದ್ದಾಳೆ. ಕರುವಿನಷ್ಟು ಎತ್ತರ, ಕಡುಗೆಂಪು ಬಣ್ಣ, ಮರಳಿನಲ್ಲಿ ಹೂತುಹೋಗದಂತೆ ಅಗಲವಾದ ಪಾದ. ಬೆನ್ನ ಮೇಲೆ ತಲೆಯಿಂದ ಬಾಲದವರೆಗೆ ಸುಕ್ಕು. ರಾತ್ರಿಯ ಚಳಿಗೆ ಇಬ್ಬನಿ ಇಳಿದು ಆ ಸುಕ್ಕುಗಳ ಸಂದಿಯಲ್ಲಿ ನಿಲ್ಲುತ್ತದೆ. ಆ ಲೋಕದಲ್ಲಿ ಇರುವ ನೀರು ಅಷ್ಟೇ. ಆದರೆ ಯಾವ ಸುಕ್ಕಕ್ಕೂ ತನ್ನ ಬೆನ್ನು ತನ್ನ ನಾಲಿಗೆಗೆ ಸಿಗುವುದಿಲ್ಲ. ಬೆಳಗಾದ ಕೂಡಲೇ ಒಂದರ ಬೆನ್ನನ್ನು ಇನ್ನೊಂದು ನೆಕ್ಕಿ ನೀರು ಕುಡಿಯುತ್ತವೆ. ಗುಂಪು ತಪ್ಪಿದ ಸುಕ್ಕ ಮೂರು ದಿನದಲ್ಲಿ ಬಾಯಾರಿ ಸಾಯುತ್ತದೆ, ಬೆನ್ನ ಮೇಲೆ ನೀರು ಇಟ್ಟುಕೊಂಡೇ ಸಾಯುತ್ತದೆ.

ಬೇಟೆಯನ್ನೂ ಅವು ಓಡಿ ಹಿಡಿಯುವುದಿಲ್ಲ. ಬೇಟೆಯ ಹಿಂದೆ ಸುಮ್ಮನೆ ನಡೆಯುತ್ತವೆ. ಮುಂದಿನದು ದಣಿದರೆ ಹಿಂದೆ ಸರಿಯುತ್ತದೆ, ಹಿಂದಿನದು ಮುಂದೆ ಬರುತ್ತದೆ. ದಣಿದದ್ದಕ್ಕೆ ದಣಿಯದ್ದು ನೆಕ್ಕಲು ಬೆನ್ನು ಕೊಡುತ್ತದೆ. ಎರಡು ಹಗಲು ಹೀಗೆ ನಡೆದರೆ ಮುಂದಿರುವ ದೊಡ್ಡ ಪ್ರಾಣಿ ತಾನಾಗಿ ಮಂಡಿಯೂರುತ್ತದೆ.

ಕೇಳಿ ನನ್ನ ಮೈ ಜುಮ್ಮೆಂದಿತು. "ಇದನ್ನೆಲ್ಲಾ ಯಾರು ಹೇಳಿದ್ರವಾ ನಿನಗ?" ಅಂದೆ.

"ನೀವ ಹೇಳೀರಲ್ಲ" ಅಂದಳು.

"ನಾವ್ಯಾವಾಗ ಹೇಳಿದ್ವಿ?"

"ಬಾಯಿಲೆ ಹೇಳಿಲ್ಲ. ಭಾನುವಾರ ನಿಮ್ಮ ಜೋಡಿ ಕುಂದ್ರತೇನಲ್ಲ, ಆವಾಗ ನೋಡೇನಿ."

ಇದು ಬ್ಯಾಡಗಿಯವರಿಗೆ ಅರ್ಥವಾಗುತ್ತದೆ, ಬೇರೆ ಊರಿನವರಿಗೆ ಹೇಳಬೇಕು. ನಾನು ಮೂವತ್ತೆಂಟು ವರ್ಷದಿಂದ ಒಣಮೆಣಸಿನಕಾಯಿಯ ತುಂಬು ಬಿಡಿಸುತ್ತೇನೆ. ತುಂಬು ಅಂದರೆ ತೊಟ್ಟು. ಹಿಂದಿನ ದಿನ ಸಂಜೆ ಕಾಯಿ ಹರವಿ ನೀರು ಚಿಮುಕಿಸುತ್ತೇವೆ. ಹಾಗೆ ಮಾಡದಿದ್ದರೆ ಕಾಯಿ ಮುರಿದು ಬೀಜವೆಲ್ಲ ಉದುರುತ್ತದೆ. ಬೆಳಿಗ್ಗೆ ನೋಡಿದರೆ ಒಂದೊಂದು ಕಾಯಿಯ ಸುಕ್ಕಿನಲ್ಲೂ ಸಣ್ಣ ಹನಿ ಹಾಗೇ ನಿಂತಿರುತ್ತದೆ. ಆರೇಳು ಜನ ಹೆಣ್ಣುಮಕ್ಕಳು ರಾಶಿಯ ಸುತ್ತ ಕೂತು ತೊಟ್ಟು ಕೀಳುತ್ತೇವೆ. ನಮ್ಮ ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಎಲ್ಲರೂ ಹೇಳುತ್ತಾರೆ. ಹೇಳುವವರು ಒಂದು ದಿನ ಬಂದು ಕೂತು ಸಂಜೆ ಕಣ್ಣು ಉಜ್ಜಿಕೊಳ್ಳಲಿ.

ಕೈಯೆಲ್ಲ ಖಾರ. ಸೆರಗು, ತೋಳು, ಮಡಿಲು ಎಲ್ಲ ಕೆಂಪು ಪುಡಿ. ಬೆವರು ಕಣ್ಣಿಗೆ ಇಳಿದರೆ ಒರೆಸಿಕೊಳ್ಳಲು ಏನೂ ಇಲ್ಲ. ಮೈಮೇಲೆ ಖಾರ ಹತ್ತದ ಜಾಗ ಬೆನ್ನು ಮಾತ್ರ, ಅದು ನಮ್ಮ ಮುಖಕ್ಕೆ ಸಿಗುವುದಿಲ್ಲ. ಅದಕ್ಕೆ ಪಕ್ಕದವಳಿಗೆ "ಬೆನ್ನ ಕೊಡವಾ" ಅನ್ನುತ್ತೇವೆ. ಅವಳು ಕೆಲಸ ಬಿಡದೆ ಕೂತಲ್ಲೇ ತುಸು ತಿರುಗುತ್ತಾಳೆ. ಅವಳ ಬೆನ್ನಿಗೆ ಹಣೆ, ಕಣ್ಣು, ಮೂಗು ಒರೆಸಿಕೊಳ್ಳುತ್ತೇವೆ. ಮುಂಜಾನೆ ನಳದ ಮುಂದೆ ಕೊಡ ಎತ್ತಿ ಜಗಳವಾಡಿದವಳೂ ಮಧ್ಯಾಹ್ನ ಬೆನ್ನು ಕೊಡುತ್ತಾಳೆ. ಮಾತು ಬಿಟ್ಟವಳಿಗೂ ಬೆನ್ನು ಇಲ್ಲವೆನ್ನುವುದು ನಮ್ಮಲ್ಲಿಲ್ಲ.

ಇದರಲ್ಲಿ ಕಥೆ ಇದೆ ಎಂದು ಮೂವತ್ತೆಂಟು ವರ್ಷದಲ್ಲಿ ನನಗೆ ಒಂದು ದಿನವೂ ಹೊಳೆದಿರಲಿಲ್ಲ. ಹದಿಮೂರು ವರ್ಷದ ಹುಡುಗಿಗೆ ಹೊಳೆಯಿತು. ಅದಕ್ಕೆ ಅವಳಿಗೆ ಸಿಕ್ಕ ಬಹುಮಾನ ಏನು ಗೊತ್ತೇ? ಕಳ್ಳಿ ಎಂಬ ಹೆಸರು.

ಕಥೆ ಕೊಟ್ಟ ನಾಲ್ಕನೇ ದಿನ ಸಂಜೆ ಶಾಲೆಯಿಂದ ನೇರ ನಾವು ಕೂತಲ್ಲಿಗೆ ಬಂದಳು. ಒಂದು ಕಾಗದ ಚಾಚಿದಳು. "ಮನಿ ಹಿರೇರ ಸಹಿ ಬೇಕಂತ."

"ಏನದು? ಮತ್ತ ಟ್ರಿಪ್ಪ ಏನು?" ಅಂದೆ. ಅವಳು ತಲೆ ತಗ್ಗಿಸಿ ಪೆನ್ನು ಮುಂದೆ ಹಿಡಿದಳು.

ನನ್ನ ಸಹಿಯ ಮೇಲೆ ನನಗೆ ಬಹಳ ಸೊಕ್ಕು, ಅದನ್ನು ಇಲ್ಲಿ ಒಪ್ಪಿಕೊಳ್ಳಲೇಬೇಕು. ನನ್ನ ಓರಗೆಯವರೆಲ್ಲ ಹೆಬ್ಬೆಟ್ಟು ಒತ್ತುತ್ತಾರೆ, ನಾನು ಸಹಿ ಮಾಡುತ್ತೇನೆ. ಜಂತುಹುಳದ ಗುಳಿಗೆಗೆ, ಪುಸ್ತಕಕ್ಕೆ, ಸೈಕಲ್ಲಿಗೆ, ಮಗ ಸೊಸೆ ಮನೆಯಲ್ಲಿ ಇಲ್ಲದಾಗ ಶಾಲೆಯಿಂದ ಬಂದ ಎಲ್ಲಾ ಕಾಗದಕ್ಕೂ ನನ್ನದೇ ಸಹಿ. ಚಸ್ಮ ಮನೆಯಲ್ಲಿತ್ತು. ಕೈಯಲ್ಲಿ ಖಾರವಿತ್ತು. ಓದದೆ ಎಡಗೈಯಲ್ಲಿ ಕಾಗದ ಒತ್ತಿ ಹಿಡಿದು, ಬಲಗೈಯಲ್ಲಿ ಬಾಲ ಎಳೆದು ಸಹಿ ಜಡಿದೆ.

ಪಕ್ಕದಲ್ಲಿ ಕೂರುವ ನನ್ನ ಗೆಳತಿ, ಮೂವತ್ತು ವರ್ಷದಿಂದ ನನಗೆ ಬೆನ್ನು ಕೊಡುವವಳು, "ನೋಡ್ರೆ, ಡೀಸಿ ಸಾಹೇಬರು ಸಹಿ ಮಾಡ್ಯಾರ. ಇನ್ನ ಬ್ಯಾಡಗಿಗೆ ಇಮಾನ ಬರತೈತಿ" ಅಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಹುಡುಗಿ ನಗಲಿಲ್ಲ. ಕಾಗದ ಮಡಚಿಕೊಂಡು ಹೋದಳು. ಅವಳು ಹೋದ ರೀತಿ ಈಗ ಕಣ್ಣಿಗೆ ಕಟ್ಟುತ್ತದೆ, ಆಗ ನನಗೆ ಕಾಯಿಯ ರಾಶಿ ಮಾತ್ರ ಕಾಣುತ್ತಿತ್ತು.

ಎರಡು ದಿನ ಅವಳು ನನ್ನ ಹತ್ತಿರ ಸುಳಿಯಲಿಲ್ಲ. ಮೂರನೇ ದಿನ ಸೊಸೆ ಪಾಟಿಚೀಲ ತೊಳೆಯಲು ತೆಗೆದಾಗ ಆ ಕಾಗದದ ಜೆರಾಕ್ಸು ಸಿಕ್ಕಿತು. ಸೊಸೆ ಮನೆಯಲ್ಲೇ ಬ್ಲೌಸು ಹೊಲಿಯುವವಳು, ಹತ್ತನೆತ್ತೆವರೆಗೆ ಓದಿದ್ದಾಳೆ. ಓದುತ್ತಾ ಓದುತ್ತಾ ಅವಳ ದನಿ ಸಣ್ಣದಾಯಿತು. "ಅತ್ತಿ, ಇದಕ್ಕ ನೀವು ಸಹಿ ಮಾಡೀರಿ?"

"ಮಾಡೇನಿ. ಟ್ರಿಪ್ಪಿಂದಲ್ಲನು?"

"ಟ್ರಿಪ್ಪಿಂದಲ್ರಿ. 'ನಮ್ಮ ಮಗು ಈ ಕಥೆಯನ್ನು ಮೊಬೈಲಿನಿಂದ ನಕಲು ಮಾಡಿರುವುದು ನಿಜ. ಸ್ಪರ್ಧೆಯಿಂದ ಹಿಂದಕ್ಕೆ ಪಡೆಯಲು ನಮ್ಮ ಒಪ್ಪಿಗೆ ಇದೆ' ಅಂತ ಬರದೈತಿ."

ಕೆಳಗೆ ನನ್ನ ಸಹಿ, ಉದ್ದನೆಯ ಬಾಲದ ಸಮೇತ. ಪಕ್ಕದಲ್ಲಿ ಹೆಬ್ಬೆರಳಿನ ಕಲೆ. ಜೆರಾಕ್ಸಿನಲ್ಲಿ ಅದು ಕಪ್ಪಾಗಿ ಬಂದಿತ್ತು.

ಒಳಗೆ ಮೂಲೆಯಲ್ಲಿದ್ದ ಹುಡುಗಿಯ ಹತ್ತಿರ ಹೋದೆ. "ಯಾಕ ಹೇಳಲಿಲ್ಲ ನೀ?"

"ನೀನೂ ಒಪ್ಪಿದಿಯಲ್ಲ ಅಜ್ಜಿ" ಅಂದಳು. ಅಷ್ಟೇ ಅಂದಳು. ನಾನು ಓದಿಯೇ ಸಹಿ ಮಾಡಿದೆ ಎಂದು ತಿಳಿದಿದ್ದಳು. ಕಟ್ಟೆಯ ಮೇಲೆ ಕೂತು ಕಥೆ ಕೇಳಿದ ಅಜ್ಜಿ, ನಗುನಗುತ್ತಾ, ತನ್ನ ಮೊಮ್ಮಗಳು ಕಳ್ಳಿ ಎಂದು ಬರೆದುಕೊಟ್ಟಿದ್ದಳು.

ಆ ಹೊತ್ತು ನನ್ನ ಮೇಲೆ ನನಗೆ ಬಂದ ಸಿಟ್ಟನ್ನು ಏನೆಂದು ಬರೆಯಲಿ. ಗೋಡೆಗೆ ತಲೆ ಗಟ್ಟಿಸಿಕೊಳ್ಳುವ ಹಾಗಾಯಿತು. ಆದರೆ ಗೋಡೆಗೆ ಗಟ್ಟಿಸಿಕೊಂಡರೆ ಶಾಲೆಯವರಿಗೆ ಏನಾಗಬೇಕು?

ಮಗ ರಾಣೇಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ಪಾಕೀಟು ತುಂಬುವ ಕೆಲಸ ಮಾಡುತ್ತಾನೆ. ಮುಂಜಾನೆಯ ಬಸ್ಸಿಗೆ ಹೋಗಿ ಸಂಜೆ ಬರುತ್ತಾನೆ. ಅವನು ಬರಲಿ, ನಾಳೆ ಇಬ್ಬರೂ ಶಾಲೆಗೆ ಹೋಗೋಣ ಎಂದು ಕಾದೆ. ಬಂದವನು ಎಲ್ಲವನ್ನೂ ಕೇಳಿ ಏನಂದ ಅನ್ನುತ್ತೀರಿ?

"ಸರ್ ಸುಮ್ಮಸುಮ್ಮನ ಹೇಳ್ತಾರೇನಬೇ? ಈಗ ಫೋನಿನಾಗ ಒಂದು ಮಾತು ಕೇಳಿದ್ರ ಪೂರಾ ಕಥೀನ ಬರದು ಕೊಡತೈತಿ. ಹುಡುಗ್ರು ಎಲ್ಲಾ ಹಂಗ ಮಾಡಾಕತ್ತಾವು."

"ಮನ್ಯಾಗಿರೋ ದೊಡ್ಡ ಫೋನು ಒಂದು. ಅದು ದಿನಾ ನಿನ್ನ ಕಿಸೆದಾಗ ರಾಣೇಬೆನ್ನೂರಿಗೆ ಹೋಗಿರತೈತಿ. ಆಕಿ ಏನು ನನ್ನ ಬಟನ್ ಫೋನಿನಾಗ ಒತ್ತಿ ಒತ್ತಿ ಕಥಿ ತಗದ್ಲೇನು?"

"ನಾ ಮಲಗಿದ ಮ್ಯಾಲೆ ನೋಡಿರಬೇಕು ಬಿಡು."

ಹುಡುಗಿ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. ಅವನು ಅವಳ ಕಡೆ ತಿರುಗಿ, "ತಪ್ಪು ಮಾಡಿದ್ದರ ಸರ್ ಕಡೆ ಹೋಗಿ ತಪ್ಪಾತು ಅನ್ನು, ಅಲ್ಲಿಗೆ ಮುಗೀತೈತಿ" ಅಂದ. ಅವತ್ತಿನಿಂದ ಅವಳು ಅಪ್ಪನ ಜೊತೆ ಮಾತು ಬಿಟ್ಟಳು. ಅವನು ಉಣ್ಣಲು ಕೂತರೆ ಇವಳು ಎದ್ದು ಹೋಗುತ್ತಿದ್ದಳು. ಆಮೇಲೆ ತಾಯಿಯ ಹತ್ತಿರ ಅಡುಗೆಮನೆಯಲ್ಲೇ ಎರಡು ತುತ್ತು ತಿನ್ನುತ್ತಿದ್ದಳು.

ಮರುದಿನ ನಾನೇ ಶಾಲೆಗೆ ಹೊರಟೆ. "ನೀ ಒಬ್ಬಾಕಿ ಹೋದ್ರ ಹೊಡದ ಬರ್ತಿ, ನಾನೂ ಬರ್ತೇನಿ" ಎಂದು ಗೆಳತಿ ಹಿಂದೆ ಬಂದಳು. ಇಬ್ಬರೂ ಕೆಲಸದ ಸೀರೆಯಲ್ಲೇ ಹೋದೆವು. ಆ ಕಾಗದ ಕೊಟ್ಟು ಕಳಿಸಿದ, ವಿಜ್ಞಾನ ಕಲಿಸುವ ಮಾಸ್ತರರು ಸ್ಟಾಫ್ ರೂಮಿನಲ್ಲಿದ್ದರು. ನಾವು ಒಳಗೆ ಕಾಲಿಟ್ಟ ಕೂಡಲೇ ಮೂರು ಸಲ ಸೀನಿದರು. ಸೀನಲಿ ಎಂದುಕೊಂಡೆ.

"ಅಮ್ಮಾರ, ನೀವು ತಪ್ಪು ತಿಳ್ಕೋಬ್ಯಾಡ್ರಿ" ಎಂದು ಶುರು ಮಾಡಿದರು. "ಮರಳಿನ ಲೋಕ, ಗುಂಪು ಕಟ್ಟಿ ಬೇಟೆ ಆಡೋ ಪ್ರಾಣಿ, ಇಂಥಾವೆಲ್ಲಾ ಇಂಗ್ಲಿಷ್ ಕಥ್ಯಾಗ ಬರ್ತಾವ. ನಮ್ಮ ಕಡಿ ಎಂಟನೆತ್ತೆ ಹುಡುಗೀರ ತಲ್ಯಾಗ ಬರೂವಲ್ಲ. ಅದೂ..." ಎಂದು ನಿಲ್ಲಿಸಿದರು.

"ಅದೂ ಅಂದ್ರ?"

"ಏನಿಲ್ಲ ಬಿಡ್ರಿ."

"ಅದೂ ತುಂಬು ಬಿಡಿಸೋರ ಮನಿ ಹುಡುಗಿ ತಲ್ಯಾಗ. ಹೌದಲ್ರಿ?"

"ನಾ ಹಂಗ ಅಂದಿಲ್ಲ."

"ನೀವು ಅನ್ನೂದು ಬಾಕಿ ಇತ್ತು, ನಾ ಅಂದೆ. ಆಕೀನ ಕೇಳಿದ್ರೇನು ನೀವು, ಎಲ್ಲಿಂದ ಹೊಳೀತು ಅಂತ?"

"ಕ್ಲಾಸಿನಾಗ ನಿಂದ್ರಿಸಿ ಕೇಳಿದೆ, ಯಾವುದರಾಗಿಂದ ಕದ್ದಿ ಹೇಳು ಅಂತ. ಬಾಯಿ ಬಿಡಲಿಲ್ಲ. ಖರೇ ಇದ್ದಿದ್ರ ಹೇಳತಿದ್ಲು."

ಗೆಳತಿ ಅಲ್ಲಿಯವರೆಗೆ ಸುಮ್ಮನಿದ್ದವಳು ಬಾಯಿ ತೆರೆದಳು. "ಸರ್ರ, ಈಗ ನಾ ನಿಮಗ ಇಷ್ಟು ಮಂದಿ ಮುಂದ 'ಈ ಪೆನ್ನು ಎಲ್ಲಿಂದ ಕದ್ದೀರಿ' ಅಂತ ಕೇಳ್ತೇನಿ. ಹೇಳ್ರಿ ನೋಡೋಣ ಉತ್ತರ."

ಅವರು ಪೆನ್ನನ್ನು ಜೇಬಿಗೆ ಹಾಕಿಕೊಂಡರು. ಆಮೇಲೆ ಕಾಯ್ದೆಯ ಮಾತಿಗೆ ಇಳಿದರು. ಎಲ್ಲಾ ಕಥೆಗಳೂ ಹಾವೇರಿಗೆ ಹೋಗಿವೆ, ಅವಳ ಕಥೆಯ ಮೇಲೆ ನನ್ನ ಒಪ್ಪಿಗೆಯ ಕಾಗದ ಪಿನ್ನು ಮಾಡಿದೆ, ಇನ್ನು ತಮ್ಮ ಕೈಯಲ್ಲಿ ಏನೂ ಇಲ್ಲ. ಬೇಕಾದರೆ ತಂದೆ ಬರೆದುಕೊಡಬೇಕು, ಅದನ್ನು ಹಾವೇರಿಗೆ ಮುಟ್ಟಿಸಬೇಕು, ಅದೂ ಇವತ್ತು ಸಂಜೆಯ ಒಳಗೆ. ನಾಳೆಯಿಂದ ಅಲ್ಲಿ ಓದಲು ಶುರು ಮಾಡುತ್ತಾರೆ. ಇದನ್ನು ಹೇಳುವಾಗ ಅವರ ಮುಖದಲ್ಲಿ ಒಂದು ನೆಮ್ಮದಿ ಇತ್ತು. ಈ ಮುದುಕಿ ಸಂಜೆಯ ಒಳಗೆ ಎಲ್ಲಿಗೆ ಹೋದಾಳು ಎಂಬ ನೆಮ್ಮದಿ.

ಗೆಳತಿಯನ್ನು ಕೆಲಸಕ್ಕೆ ಕಳಿಸಿ, ಮೋಟೆಬೆನ್ನೂರು ಕ್ರಾಸಿಗೆ ಹೋಗಿ ರಾಣೇಬೆನ್ನೂರು ಬಸ್ಸು ಹತ್ತಿದೆ. ಸೀಟು ಇತ್ತು, ಕೂರಲಿಲ್ಲ. ಕೂತರೆ ಸಿಟ್ಟು ಇಳಿದೀತು ಎಂದು ಕಂಬ ಹಿಡಿದು ನಿಂತೇ ಹೋದೆ.

ಕಂಪನಿಯ ಗೇಟಿನಲ್ಲಿ ವಾಚ್‌ಮನ್ನು ತಡೆದ. "ಊಟದ ಹೊತ್ತಿಗೆ ಬರ್ರಿ ಅಮ್ಮಾ" ಅಂದ. "ಅವರವ್ವ ಬಂದಾಳ ಅಂತ ಹೇಳು. ನೀ ಹೇಳದಿದ್ರ ನಾ ಇಲ್ಲಿಂದ ಕೂಗ್ತೇನಿ" ಅಂದೆ. ನನ್ನ ದನಿ ಕೇಳಿ ಒಳಗೆ ಓಡಿದ. ಮಗ ಬಂದ, ಮೂಗಿಗೆ ಬಟ್ಟೆ ಕಟ್ಟಿಕೊಂಡು. ಬೀಜಕ್ಕೆ ಹಚ್ಚುವ ಔಷಧದ ಬಣ್ಣ ಹತ್ತಿ ಕೈ ಮೊಣಕೈವರೆಗೆ ಗುಲಾಬಿಯಾಗಿತ್ತು.

"ಏನಾತಬೇ? ಯಾರಿಗೇನಾತು?" ಗಾಬರಿಯಾಗಿದ್ದ.

"ನಿನ್ನ ಮಗಳಿಗೆ ಕಳ್ಳಿ ಅಂತ ಹೆಸರಾತು. ನೀ ಇಲ್ಲಿ ಪಾಕೀಟು ತುಂಬು."

"ಇಲ್ಲಿಮಟಾ ಅದಕ್ಕ ಬಂದೀಯಾ?"

"ಆ ಕಥಿ ನೀ ಓದೀಯೇನು?"

"ಇಲ್ಲ."

"ಓದದ ನಾ ಸಹಿ ಮಾಡಿದೆ, ಓದದ ನೀ ನಂಬಿದಿ. ನಾನರ ಮುದುಕಿ, ಚಸ್ಮ ಇರಲಿಲ್ಲ. ನಿನಗೇನಾಗಿತ್ತು?"

ಅವನು ಮೂಗಿನ ಬಟ್ಟೆ ಕೆಳಗೆ ಎಳೆದುಕೊಂಡ. ನಾನು ಗೇಟಿನ ಹೊರಗೆ ನಿಂತೇ ಆ ಪ್ರಾಣಿಯ ಕಥೆ ಹೇಳಿದೆ. ಸುಕ್ಕು, ಇಬ್ಬನಿ, ಬೆನ್ನು ನೆಕ್ಕುವುದು, ಎರಡು ಹಗಲು ನಡೆಯುವುದು. ವಾಚ್‌ಮನ್ನೂ ಹತ್ತಿರ ಬಂದು ಕೇಳಿದ. ಹೇಳುತ್ತಾ ಹೋದಂತೆ ಮಗನ ಮುಖ ಬೇರೆಯಾಯಿತು. ಅವನು ಕೂಸಾಗಿದ್ದಾಗ ನಾವು ಕೆಲಸಕ್ಕೆ ಕೂತ ಜಾಗದಲ್ಲೇ ಜೋಲಿಯಲ್ಲಿ ಮಲಗಿ ಬೆಳೆದವನು. ನಡೆಯಲು ಬಂದ ಮೇಲೆ ಯಾರು "ಬೆನ್ನ ಕೊಡವಾ" ಅಂದರೂ ಓಡಿ ಬಂದು ತನ್ನ ಸಣ್ಣ ಬೆನ್ನು ತಿರುಗಿಸಿ ನಿಲ್ಲುತ್ತಿದ್ದ. ಹೆಂಗಸರು ನಕ್ಕು ಅದಕ್ಕೇ ಮುಖ ಒರೆಸಿಕೊಳ್ಳುತ್ತಿದ್ದರು.

"ನಿಮ್ಮದ ಬರದಾಳಲ್ಲಬೇ" ಅಂದ.

"ಮತ್ತ? ಇದು ಯಾವ ಫೋನಿನಾಗ ಐತಿ, ತೋರಿಸು."

ವಾಚ್‌ಮನ್ನು ತನ್ನ ರಿಜಿಸ್ಟರಿನಿಂದ ಒಂದು ಹಾಳೆ ಹರಿದು ಕೊಟ್ಟ. ಮಗ ಗೇಟಿನ ಕಂಬಕ್ಕೆ ಹಾಳೆ ಒತ್ತಿ ಬರೆದ: ಕಥೆ ನನ್ನ ಮಗಳದೇ, ಹಿಂದಕ್ಕೆ ಪಡೆಯಲು ನನ್ನ ಒಪ್ಪಿಗೆ ಇಲ್ಲ. ಈ ಸಲ ಚಸ್ಮ ಹಾಕಿಕೊಂಡು ಎರಡು ಸಲ ಓದಿದೆ. ಅವನು ನನ್ನ ಜೊತೆ ಬರುತ್ತೇನೆ ಅಂದ, ಕಂಪನಿಯವರು ಬಿಡಲಿಲ್ಲ. ಒಬ್ಬಳೇ ಹಾವೇರಿ ಬಸ್ಸು ಹತ್ತಿದೆ.

ಹಾವೇರಿಯಲ್ಲಿ ಆ ಕಚೇರಿ ಹುಡುಕುವಷ್ಟರಲ್ಲಿ ನಾಲ್ಕು ದಾಟಿತ್ತು. ಸ್ಪರ್ಧೆ ನೋಡಿಕೊಳ್ಳುವ ಮೇಡಂ ಎರಡೂ ಕಾಗದ ಮುಂದಿಟ್ಟುಕೊಂಡು ನೋಡಿದರು. ಒಂದರಲ್ಲಿ ನನ್ನ ಕೆಂಪು ಬೆರಳು, ಇನ್ನೊಂದರಲ್ಲಿ ಮಗನ ಗುಲಾಬಿ ಬೆರಳು.

"ಅಜ್ಜೀರ, ಒಂದರಾಗ ಕದ್ದಾಳ ಅಂತೈತಿ, ಇನ್ನೊಂದರಾಗ ಇಲ್ಲ ಅಂತೈತಿ. ಎರಡೂ ನಿಮ್ಮ ಮನೀವ. ನಾ ಯಾವುದು ನಂಬ್ಲಿ?"

"ಎರಡೂ ನಂಬಬ್ಯಾಡ್ರಿ. ಬರದಾಕಿ ಅದಾಳ, ಆಕೀನ ಕರದು ಕೇಳ್ರಿ. ಆದ್ರ ಕದ್ದಿ ಏನು ಅಂತ ಕೇಳಬ್ಯಾಡ್ರಿ, ಪ್ರಾಣಿ ಬಗ್ಗೆ ಕೇಳ್ರಿ."

ಅವರು ಎರಡೂ ಕಾಗದವನ್ನು ಕಥೆಗೆ ಪಿನ್ನು ಮಾಡಿ, "ಶನಿವಾರ ಕರಕೊಂಡು ಬರ್ರಿ" ಅಂದರು.

ಹುಡುಗಿ ಬರುವುದಿಲ್ಲ ಅಂದಳು. "ಹೋಗಿ ಏನು ಮಾಡ್ಲಿ? ಮತ್ತ ನಿಂದ್ರಿಸಿ ಕೇಳ್ತಾರ" ಅಂದಳು. ಅವಳ ಮುಂದೆ ನೆಲದ ಮೇಲೆ ಕೂತೆ. "ಸಹಿ ನಾ ಓದಲಾರದ ಮಾಡಿದೆ. ಸೊಕ್ಕಿಲೆ ಮಾಡಿದೆ. ತಪ್ಪು ನಂದವಾ" ಅಂದೆ. ಹೆತ್ತ ಮಗನಿಗೂ ನಾನು ಹಾಗೆ ಅಂದವಳಲ್ಲ.

"ಓದಿದ್ರ?" ಅಂದಳು.

"ಓದಿದ್ರ ಅದನ್ನ ಒಲಿಗೆ ಹಾಕಿ, ಆ ಒಲಿ ಮ್ಯಾಲ ಚಾ ಕಾಸಿ, ನಿಮ್ಮ ಸರ್‌ಗೆ ಕಳಸ್ತಿದ್ದೆ."

ಅವಳ ತುಟಿಯ ಒಂದು ಬದಿ ಮಾತ್ರ ನಕ್ಕಿತು. ಶನಿವಾರ ಬಂದಳು.

ಅಲ್ಲಿ ಕಥೆಗಳಿಗೆ ನಂಬರು ಕೊಡುವ ಮೂವರು ಕೂತಿದ್ದರು, ಮೇಡಂ ಬೇರೆ. ಶಾಲೆಯ ಕಡೆಯಿಂದ ಆ ಮಾಸ್ತರರೂ ಬಂದು ಕೊನೆಯ ಕುರ್ಚಿಯಲ್ಲಿದ್ದರು. ಅವರನ್ನು ಕಂಡ ಕೂಡಲೇ ಹುಡುಗಿ ನನ್ನ ಸೆರಗು ಹಿಡಿದಳು. ಮೂವರಲ್ಲಿ ಬಿಳಿಗಡ್ಡದವರು ಮೊದಲ ಪ್ರಶ್ನೆ ಕೇಳಿದರು. "ಏನವಾ, ಈ ಪ್ರಾಣಿ ಒಂದರ ಬೆನ್ನು ಒಂದು ನೆಕ್ಕತಾವ ಅಂತ ಬರದೀದಿ. ಇದು ನಿನಗ ಹೆಂಗ ಹೊಳೀತು?"

ಬಾಯಿ ಬಿಡಲಿಲ್ಲ. ಮಾಸ್ತರರು ಮೇಡಂ ಕಡೆ ನೋಡಿದರು, ನಾ ಹೇಳಿರಲಿಲ್ಲವೇ ಅನ್ನುವ ಹಾಗೆ. ನಾನೇ ಹೇಳಿಬಿಡಲೇ ಅನ್ನಿಸಿತು. ಹೇಳಿದರೆ ಕಥೆ ಅಜ್ಜಿಯದು ಅಂದಾರು. ಹಲ್ಲು ಕಚ್ಚಿ ಕೂತೆ.

ಆಗ ಹುಡುಗಿ ನನ್ನ ಕಡೆ ತಿರುಗಿ, "ಅಜ್ಜಿ, ಬೆನ್ನ ಕೊಡು" ಅಂದಳು.

ಕುರ್ಚಿಯಲ್ಲೇ ತಿರುಗಿದೆ. ಅವಳು ಎರಡೂ ಕೈ ಮೇಲೆತ್ತಿ, ನನ್ನ ಬೆನ್ನಿಗೆ ಹಣೆ, ಕಣ್ಣು, ಮೂಗು ಒರೆಸಿಕೊಂಡಳು. ಥೇಟ್ ನಾವು ಮಾಡುವ ಹಾಗೆಯೇ. ಬೆನ್ನಿಗೆ ಒದ್ದೆ ತಾಗಿದಾಗ ಅವಳು ನಿಜಕ್ಕೂ ಅಳುತ್ತಿದ್ದಳು ಎಂದು ಗೊತ್ತಾಯಿತು. ಆಮೇಲೆ ಅವರ ಕಡೆ ತಿರುಗಿ ಹೇಳಿದಳು. "ಮೆಣಸಿನಕಾಯಿ ಬಿಡಿಸೂವಾಗ ಹಿಂಗ ಮಾಡ್ತಾರ್ರಿ. ಕೈಯಾಗ ಖಾರ ಇರತೈತಿ. ಒಬ್ಬಾಕಿನ ಕುಂತ್ರ ಕಣ್ಣು ಒರಸ್ಕೊಳ್ಳಾಕ ಬರಂಗಿಲ್ಲ. ನೀರಿನ ಹನಿ ಸುಕ್ಕಿನಾಗ ನಿಂದ್ರೂದೂ ಅಲ್ಲೇ ನೋಡಿದ್ದು. ಎರಡೂ ಕೂಡಿಸಿ ಮಾಡಿದೆ."

ಬಾಯಿ ತೆರೆದ ಮೇಲೆ ಅವಳನ್ನು ಹಿಡಿಯುವವರಿಲ್ಲ. ಇನ್ನೊಬ್ಬರು ಕೇಳಿದರು, "ಇವು ಬೇಟೆ ಆಡೋ ಪ್ರಾಣಿ ಅಲ್ಲೇನು? ನೀರು ಬೇಕಾದ್ರ ಒಂದನ್ನೊಂದು ಕೊಂದು ಕುಡೀಬಹುದಲ್ಲ?"

"ಕೊಂದ್ರ ಒಂದು ದಿನದ ನೀರು ಸಿಗತೈತ್ರಿ. ನಾಳೆ ಬೆನ್ನು ಎಲ್ಲಿಂದ ತರೋದು?"

"ಮತ್ತ ಈ ಗುಂಪಿನಾಗ ಒಂದು ಮುದಿ ಸುಕ್ಕ ಐತಿ. ವಯಸ್ಸಾಗಿ ಅದರ ಬೆನ್ನು ನುಣ್ಣಗಾಗೈತಿ, ನೀರು ನಿಂದ್ರಂಗಿಲ್ಲ ಅಂತ ಬರದೀದಿ. ಅದಕ್ಕ ಯಾಕ ಬೆನ್ನು ಕೊಡತಾವ? ಅದರಿಂದ ಏನು ಉಪಯೋಗ?" ಎಂದು ಮೂರನೆಯವರು ಕೇಳಿದರು.

ಹುಡುಗಿ ಪ್ರಶ್ನೆಯೇ ಅರ್ಥವಾಗದವಳ ಹಾಗೆ ನೋಡಿದಳು. "ಅದೂ ಅವುಗಳದ ಅಲ್ಲೇನ್ರಿ ಸರ್?" ಅಂದಳು.

ಬಿಳಿಗಡ್ಡದವರು ಮಾಸ್ತರರ ಕಡೆ ತಿರುಗಿದರು. "ಸರ್, ನೀವು ಇದನ್ನ ಯಾವ ಇಂಗ್ಲಿಷ್ ಕಥ್ಯಾಗ ಓದಿದ್ರಿ? ಹೆಸರು ಹೇಳ್ರಿ, ನಾವೂ ಓದತೇವಿ." ಮಾಸ್ತರರಿಗೆ ಹೆಸರು ನೆನಪಾಗಲಿಲ್ಲ. ಓದಿದ್ದರೆ ತಾನೇ.

ಮೇಡಂ ನನ್ನ ಸಹಿಯ ಕಾಗದದ ಪಿನ್ನು ಕಿತ್ತು, ಹಾಳೆಯನ್ನು ನನ್ನ ಕೈಗೇ ಕೊಟ್ಟರು. ಬಸ್‌ಸ್ಟ್ಯಾಂಡಿನಲ್ಲಿ ಅದನ್ನು ಎಷ್ಟು ಸಣ್ಣದಾಗಿ ಹರಿಯಲು ಸಾಧ್ಯವೋ ಅಷ್ಟು ಸಣ್ಣದಾಗಿ ಹರಿದೆ.

ಅದಾಗಿ ಒಂದು ವಾರಕ್ಕೆ ಇವತ್ತಿನ ಫೋನು. ಮಧ್ಯಾಹ್ನ ಇನ್ನೊಂದು ಫೋನೂ ಬಂತು. ಆ ಮಾಸ್ತರರದು! "ಅಮ್ಮಾರ, ನಮ್ಮ ಶಾಲಿಗೇ ಹೆಸರು ತಂದ್ಲು ನಿಮ್ಮ ಹುಡುಗಿ. ಸೋಮವಾರ ಆಕಿ ಜೋಡಿ ಒಂದು ಫೋಟೋ ತಗೀಬೇಕಂತ ಮಾಡೇವಿ" ಅಂದರು. ಎಷ್ಟು ಮೆತ್ತಗೆ ಅಂದರು ಅಂದರೆ, ಇವರೇ ಹೇಳಿ ಬರೆಸಿದರೋ ಏನೋ ಅನ್ನಬೇಕು.

"ತಗೀರಿ ಸರ್ರ. ಮೊದಲು ಕ್ಲಾಸಿನಾಗ ಆಕೀನ ನಿಂದ್ರಿಸಿದ್ರಲ್ಲ, ಅದ ಜಾಗದಾಗ ನೀವು ನಿಂತು, ಅಷ್ಟೂ ಹುಡುಗರ ಮುಂದ, ಕಥಿ ಆಕೀದ, ನಾ ತಪ್ಪು ತಿಳಿದಿದ್ದೆ ಅನ್ರಿ. ಆಮ್ಯಾಲೆ ಫೋಟೋ."

"ನೋಡೋಣ ಬಿಡ್ರಿ ಅಮ್ಮಾರ."

ನೋಡೋಣವಂತೆ! ಕಳ್ಳಿ ಅನ್ನುವಾಗ ನೋಡೋಣ ಅನ್ನಲಿಲ್ಲ. ಸೋಮವಾರ ಗೆಳತಿಯನ್ನು ಕರೆದುಕೊಂಡು ಆ ಕ್ಲಾಸಿನ ಕಿಟಕಿಗೆ ನಾನೇ ಹೋಗಿ ನಿಲ್ಲುತ್ತೇನೆ. ಅವರು ಹೇಳುವುದನ್ನು ನನ್ನ ಕಿವಿಯಿಂದ ಕೇಳಿಯೇ ಬರುತ್ತೇನೆ.

ಸಂಜೆ ಸೊಸೆ ಹೋಳಿಗೆ ಮಾಡಿದಳು. ಮಗ ದಿನಕ್ಕಿಂತ ಒಂದು ಬಸ್ಸು ಮೊದಲೇ ಬಂದ. ಅವನಿಗೆ ಬಡಿಸಲು ಹೋದರೆ, "ನಾ ಒಬ್ಬನ ಉಣ್ಣಂಗಿಲ್ಲ, ಎಲ್ಲಾರೂ ಕೂಡ್ರಿ" ಎಂದು ತಾನೇ ನಾಲ್ಕು ತಾಟು ಹಾಕಿದ. ಹುಡುಗಿ ಅಡುಗೆಮನೆಯ ಹೊಸ್ತಿಲಲ್ಲೇ ನಿಂತಳು. ಯಾರೂ ಕರೆಯಲಿಲ್ಲ. ಕರೆಯಬೇಡ ಎಂದು ಸೊಸೆಗೆ ನಾನೇ ಕಣ್ಣಲ್ಲಿ ಹೇಳಿದ್ದೆ.

ಮಗ ತುತ್ತು ಮುರಿಯದೆ ಕೂತಿದ್ದ. ಕೊನೆಗೆ ತಾಟು ನೋಡುತ್ತಲೇ ಅಂದ: "ನಾ ನಿನ್ನ ಕೇಳಬೇಕಿತ್ತವಾ. ಕೇಳಲಿಲ್ಲ. ಸರ್ ಅಂದದ್ದು ನಂಬಿದೆ, ನಿನ್ನ ನಂಬಲಿಲ್ಲ."

ಅವಳು ಬಂದು ಕೂತಳು. ತನ್ನ ತಾಟನ್ನು ನನ್ನ ಪಕ್ಕದಿಂದ ಎಳೆದು ಅಪ್ಪನ ಪಕ್ಕಕ್ಕೆ ಇಟ್ಟುಕೊಂಡಳು. ಹೋಳಿಗೆ ನೋಡಿ, ಅವನನ್ನು ನೋಡಿ, "ತುಪ್ಪ ಎಲ್ಲೈತಿ?" ಅಂದಳು. ಇಷ್ಟು ದಿನದಲ್ಲಿ ಅಪ್ಪನಿಗೆ ಅಂದ ಮೊದಲ ಮಾತು. ಸೊಸೆ ಏಳಲು ಹೋದಳು, ಮಗ ಅವಳನ್ನು ಕೂಡಿಸಿ ತಾನೇ ಎದ್ದ. ತುಪ್ಪದ ಗಿಂಡಿ ಎಲ್ಲಿದೆ ಎಂದು ಅವನಿಗೆ ಗೊತ್ತಿಲ್ಲ. ಅಡುಗೆಮನೆಯಲ್ಲಿ ಡಬ್ಬಿ ಡಬ್ಬಿ ತೆರೆಯುವ ಸದ್ದು. "ಮ್ಯಾಲಿನ ಮಾಡದಾಗಪ್ಪಾ, ಎಡಕ್ಕ. ಎಡಕ್ಕಂದ್ರ ಎಡಕ್ಕ!" ಎಂದು ಅವಳು ಕೂತಲ್ಲಿಂದಲೇ ಕೂಗಿದಳು. ಅವನು ಗಿಂಡಿ ತಂದು ಮೊದಲು ಅವಳಿಗೆ ಹಾಕಿದ, ಸಾಕು ಅನ್ನುವವರೆಗೆ ಹಾಕಿದ. ಅವಳು ಬಹಳ ಹೊತ್ತು ಸಾಕು ಅನ್ನಲಿಲ್ಲ. ಆಮೇಲೆ ನಾಲ್ವರೂ ಉಂಡೆವು.